ಮೇಸ್ತ್ರಿ ಕಟ್ಟಿದ ಸೌದೆ

ಸೌದೆಯನ್ನು ಲೋಕವೆಲ್ಲ ಒಟ್ಟುತ್ತದೆ. ನಮ್ಮ ಮನೆಯವರು ಮಾತ್ರ ಕಟ್ಟಿದರು. ರಸಮಟ್ಟ ಇಟ್ಟು, ದಾರ ಎಳೆದು, ಮೇಲಿನಿಂದ ತೂಗುಗುಂಡು ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ಇನ್ನೊಂದು ಕಣ್ಣಲ್ಲಿ ನೋಡಿ, ಚಳಿಗಾಲ ಬಂದರೆ ಸುಟ್ಟು ಬೂದಿ ಮಾಡಬೇಕಾದ ವಸ್ತುವಿಗೆ ಅರಮನೆಗೆ ಮಾಡುವ ಉಪಚಾರ ಮಾಡಿದರು. ಅವರು ಗಾರೆ ಮೇಸ್ತ್ರಿ. ಊರೆಲ್ಲ ಅವರನ್ನು ಮೇಸ್ತ್ರಿ ಅನ್ನುತ್ತದೆ, ನಾನೂ ಹಾಗೇ ಅನ್ನುತ್ತೇನೆ. ಊರು ಗೌರವಕ್ಕೆ ಅನ್ನುತ್ತದೆ. ನಾನು ಯಾತಕ್ಕೆ ಅನ್ನುತ್ತೇನೆಂಬುದು ಅವರಿಗೆ ಗೊತ್ತು.

ನಮ್ಮ ಸಂಸಾರ ನಡೆದದ್ದೇ ಬಾಯಿಂದ. ನಾನು ಒಂದು ಕೊಂಕು ಆಡುವುದು, ಅವರು ಅದಕ್ಕೆ ಬಡ್ಡಿ ಸೇರಿಸಿ ವಾಪಸು ಕೊಡುವುದು. ಬೇರೆ ಮನೆಗಳಲ್ಲಿ ಗಂಡ ಹೆಂಡತಿಯನ್ನು "ನಿಂದು ಊಟ ಆಯ್ತಾ" ಅಂತ ಕೇಳುತ್ತಾನಂತೆ. ನಮ್ಮಲ್ಲಿ "ಇವತ್ತು ಉಪ್ಪು ಹಾಕೋದು ಮರೆತ್ಯಾ, ಇಲ್ಲ ಉಪ್ಪೇ ನಿನ್ನ ಮುಖ ನೋಡಿ ಓಡಿಹೋಯ್ತಾ" ಅಂತ ಕೇಳಿದರೆ ಊಟ ರುಚಿಯಾಗಿತ್ತು ಅಂತ ಅರ್ಥ. ಅವರ ತಾಯಿ, ಅಂದರೆ ನಮ್ಮತ್ತೆ, ಹಜಾರದಲ್ಲಿ ಚಳಿ ಕಾಯಿಸುವ ಕಬ್ಬಿಣದ ಒಲೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಇಬ್ಬರ ಮಾತಿಗೂ ಅಂಕ ಕೊಡುತ್ತಿದ್ದರು. ಮಗನಿಗೆ ಯಾವಾಗಲೂ ಜಾಸ್ತಿ. ಹೆತ್ತವರಿಗೆ ಹೆಗ್ಗಣ ಮುದ್ದು, ನಮ್ಮ ಮನೆಯ ಹೆಗ್ಗಣಕ್ಕೆ ಮೀಸೆಯೂ ದಪ್ಪಗಿತ್ತು.

ಈ ಸುಖಕ್ಕೆ ಕಲ್ಲು ಬಿದ್ದದ್ದು ಗೋದಾಮಿನ ಗೋಡೆಯಿಂದ. ಮಾರುಕಟ್ಟೆಯ ಹಿಂದಿನ ಒಂದು ಗೋದಾಮಿಗೆ ಮೇಸ್ತ್ರಿ ಉದ್ದನೆಯ ಕಾಂಪೌಂಡ್ ಗೋಡೆ ಕಟ್ಟಿದ್ದರು. ಗಾರೆ ಸರಿಯಾಗಿ ಆರುವಷ್ಟರಲ್ಲಿ ಗೋಡೆ ರಸ್ತೆಯ ಕಡೆ ಬಗ್ಗಿ ಬಸ್ಸು ಬಂತಾ ಅಂತ ನೋಡುತ್ತಿತ್ತು. ಗುತ್ತಿಗೆದಾರ ಆಳುಗಳೆಲ್ಲರ ಎದುರಿಗೆ ಅದನ್ನು ಕೆಡವಿಸಿ, "ಮೇಸ್ತ್ರಿಗಳೇ, ಒಂದ್ಸಲ ಕಣ್ಣು ತೋರಿಸ್ಕೊಳ್ಳಿ. ವಯಸ್ಸಾಯ್ತಲ್ಲ" ಅಂದನಂತೆ. ಕಣ್ಣಿನ ಡಾಕ್ಟರು ನೋಡಿ, ಕಣ್ಣು ಚೆನ್ನಾಗೇ ಇದೆ ಅಂದರು. ಅದರಿಂದ ಇನ್ನೂ ಕೆಟ್ಟಿತು. ಕಣ್ಣಿನದಲ್ಲ ಅಂದ ಮೇಲೆ ತಪ್ಪು ಇನ್ನೂ ಆಳದಲ್ಲಿ ಎಲ್ಲೋ ಕೂತಿದೆ ಅಂತ ಅವರಿಗೆ ಅನಿಸಿಬಿಟ್ಟಿತು. ಗಾರೆ ಬಳಿಯುವ ಕರಣೆ, ರಸಮಟ್ಟ, ತೂಗುಗುಂಡು ಎಲ್ಲವನ್ನೂ ಚೀಲಕ್ಕೆ ತುಂಬಿ ಮಂಚದ ಕೆಳಗೆ ತಳ್ಳಿ, ಕಿಟಕಿಯ ಹತ್ತಿರ ಹೋಗಿ ಕೂತರು.

ನನಗೆ ಗೊತ್ತಿದ್ದ ಒಂದೇ ಔಷಧಿ ಕೊಟ್ಟೆ. "ಕುರ್ಚಿಗೆ ಗಾರೆ ಮೆತ್ಕೊಂಡು ಕೂತಿದೀರಾ, ಏಳೋಕಾಗ್ತಿಲ್ವಾ?" ಅಂದೆ. ಅವರು "ಹೂಂ" ಅಂದರು. ಅಷ್ಟೇ. ಮದುವೆಯಾದ ಮೇಲೆ ನನ್ನ ಮಾತಿಗೆ ಅವರು ಬರೀ ಹೂಂ ಅಂದದ್ದು ಅದೇ ಮೊದಲು. ಮಾರನೇ ದಿನವೂ ಹೂಂ. ಅದರ ಮಾರನೇ ದಿನ ಅದೂ ಇಲ್ಲ. ಹೆಂಡತಿಯ ಮಾತೇ ಕೊನೆಯ ಮಾತಾಗಬೇಕು ಅಂತ ಬಯಸುವವರು ಒಂದು ವಾರ ನನ್ನ ಮನೆಯಲ್ಲಿ ಇದ್ದು ಹೋಗಬೇಕಿತ್ತು. ನನಗೆ ಹೆದರಿಕೆಯಾಗಿತ್ತು. ನಮ್ಮ ಮೇಸ್ತ್ರಿ ಮಾತಾಡದೆ ಹೀಗೇ ಕೂತು ಕೂತು ಒಂದು ದಿನ ಕುರ್ಚಿಯ ಜೊತೆ ಮರವಾಗಿಬಿಡುತ್ತಾರೆ ಅಂತ ನಿಜವಾಗಿ ಹೆದರಿದ್ದೆ.

ಬೇಸಿಗೆಯ ಶುರುವಿನಲ್ಲಿ ಬಿರುಗಾಳಿಗೆ ಬಸ್ ನಿಲ್ದಾಣದ ಪಕ್ಕದ ದೊಡ್ಡ ಮರ ಬುಡಸಮೇತ ಉರುಳಿತು. ಬೇಕಾದವರು ತಗೊಂಡುಹೋಗಿ ಅಂದರು ನಗರಸಭೆಯವರು. ನನ್ನ ಮೈದುನ ಲಾರಿ ಓಡಿಸುತ್ತಾನೆ. ಸಿಕ್ಕಿದಷ್ಟು ದಿಮ್ಮಿ ಹೇರಿಕೊಂಡು ಬಂದು ನಮ್ಮ ಗೇಟಿನೊಳಗೆ ಉರುಳಿಸಿದ.

"ಅತ್ತಿಗೆ, ಮುಂದಿನ ಚಳಿಗೆ ಯೋಚನೆ ಇಲ್ಲ. ಅಣ್ಣ ಹೇಗೂ ಖಾಲಿ ಕೂತಿದಾನಲ್ಲ, ಸೀಳಿ ಹಾಕ್ತಾನೆ" ಅಂದ, ಕಿಟಕಿಗೆ ಕೇಳಿಸುವಷ್ಟು ಗಟ್ಟಿಯಾಗಿ.

ಇಂಥ ನಾಜೂಕು ಆ ಮನೆತನದ ರಕ್ತದಲ್ಲೇ ಇದೆ. ಆದರೆ ನನ್ನಿಂದ ತಿಂಗಳುಗಟ್ಟಲೆ ಆಗದ್ದನ್ನು ಆ "ಖಾಲಿ" ಅನ್ನುವ ಒಂದು ಶಬ್ದ ಮಾಡಿತು. ಮೇಸ್ತ್ರಿ ಎದ್ದು ಹೊರಗೆ ಬಂದು ಕೊಡಲಿ ಕೈಗೆ ತಗೊಂಡರು.

ನಮ್ಮಪ್ಪ ಸೌದೆ ಡಿಪೋ ಇಟ್ಟುಕೊಂಡಿದ್ದವರು. ನಾನು ತೊಟ್ಟಿಲಿನಿಂದ ಇಳಿದು ನಡೆದದ್ದೇ ತೊಗಟೆಯ ಮೇಲೆ. ಹಾಗಾಗಿ ಬಾಗಿಲಲ್ಲಿ ನಿಂತು ಹೇಳಿದೆ: "ಗಂಟಿನ ಮೇಲೆ ಹೊಡೀಬೇಡಿ. ಬಿರುಕು ಎಲ್ಲಿದೆ ನೋಡ್ಕೊಂಡು ಅಂಚಿಂದ ಬನ್ನಿ. ಕೊಡಲಿ ಸಿಕ್ಕಾಕ್ಕೊಂಡ್ರೆ ಬೆಣೆ ಇಡಿ." ಅವರು ಗಂಟನ್ನೇ ಹುಡುಕಿ, ಅದರ ನಟ್ಟ ನಡುವೆ ಹೊಡೆದರು. ಹಿತ್ತಲ ಗಿಡ ಮದ್ದಲ್ಲ, ಹೆಂಡತಿಯ ಮಾತಂತೂ ಗಿಡವೂ ಅಲ್ಲ. ಕೊಡಲಿ ಎತ್ತಿದರೆ ದಿಮ್ಮಿಯೂ ಜೊತೆಗೆ ಎದ್ದಿತು.

"ಅದನ್ನ ಹಾಗೇ ಹೊತ್ಕೊಂಡು ಊರೆಲ್ಲ ಒಂದು ಸುತ್ತು ಬನ್ನಿ, ಮೆರವಣಿಗೆ ಆಗತ್ತೆ" ಅಂದೆ.

ಅವರು ಏದುಸಿರು ಬಿಡುತ್ತಾ ನನ್ನ ಕಡೆ ನೋಡಿದರು. "ನಿನ್ನ ಹೊತ್ಕೊಂಡು ಅಭ್ಯಾಸ ಇರೋವ್ನಿಗೆ ಇದ್ಯಾವ ಭಾರ."

ನಾನು ಒಳಗೆ ಬಂದು ಅವತ್ತಿನ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಅಷ್ಟು ಸಂತೋಷವಾಗಿತ್ತು.

ಅಲ್ಲಿಂದ ಮನೆ ಮತ್ತೆ ಮನೆಯಾಯಿತು. ಬೆಳಿಗ್ಗೆಯಿಂದ ಅಂಗಳದಲ್ಲಿ ಠಕ್ ಠಕ್, ಮಧ್ಯೆ ಮಧ್ಯೆ ನಮ್ಮ ವಾಗ್ವಾದ, ಅತ್ತೆಯ ಅಂಕ. ಸೀಳುವುದನ್ನು ಅವರು ಬೇಗ ಕಲಿತರು. ಆದರೆ ಸೀಳಿದ್ದು ಅವರಿಗೆ ಸೌದೆಯಾಗಿ ಕಾಣಲಿಲ್ಲ, ಇಟ್ಟಿಗೆಯಾಗಿ ಕಂಡಿತು. ಎಲ್ಲ ಒಂದೇ ಉದ್ದ, ಒಂದೇ ದಪ್ಪ ಇರಬೇಕು. ಸೊಟ್ಟ ಇದ್ದದ್ದಕ್ಕೆ ಅರ್ಹತೆಯಿಲ್ಲ ಅಂತ ಬೇರೆ ಗುಡ್ಡೆ. ಒಂದು ದಿನ ನೋಡುತ್ತೇನೆ, ಮಂಚದ ಕೆಳಗಿನ ಚೀಲ ಅಂಗಳಕ್ಕೆ ಬಂದಿದೆ. ಗೇಟಿನಿಂದ ಬಾಗಿಲವರೆಗೆ ದಾರ ಎಳೆದಿದೆ. ಮೇಸ್ತ್ರಿ ಮೊದಲನೇ ವರಸೆ ಜೋಡಿಸುತ್ತಿದ್ದಾರೆ.

ಒಂದು ಸಂದಿನ ಮೇಲೆ ಇನ್ನೊಂದು ಸಂದು ಬರಬಾರದು, ಅದು ಗೋಡೆಯ ನಿಯಮ. ಬಂದೀತು ಅನ್ನುವ ಕಡೆ ಅರ್ಧ ತುಂಡು ಕತ್ತರಿಸಿ ಕೂರಿಸಿದರು. ತುಂಡುಗಳ ನಡುವೆ ಕಿರುಬೆರಳು ಹೋಗುವಷ್ಟು ಜಾಗ ಕಂಡರೂ ಚಕ್ಕೆ ತುರುಕಿ ಸುತ್ತಿಗೆಯಿಂದ ತಟ್ಟಿದರು. ಗಾರೆ ಒಂದು ಮೆತ್ತಲಿಲ್ಲ, ಅದೇ ದೊಡ್ಡ ಉಪಕಾರ.

"ರೀ, ಸಂದು ಮುಚ್ಚಬೇಡಿ" ಅಂದೆ. "ಸೌದೆ ಹಸಿ ಇದೆ. ಸಡಿಲವಾಗಿ ಒಟ್ಟಬೇಕು, ಗಾಳಿ ಆಡಬೇಕು. ಅದೂ ಉಸಿರಾಡಬೇಕಲ್ವಾ?"

"ಉಸಿರಾಡೋ ಗೋಡೆ ನಾನು ನೋಡಿಲ್ಲ ಕಣೇ. ಮಾತಾಡೋ ಗೋಡೆ ಒಂದು ಮನೇಲೇ ಇದೆ."

"ನಮ್ಮಪ್ಪ ಹೀಗೆ ಒಟ್ತಿರಲಿಲ್ಲ."

"ನಿಮ್ಮಪ್ಪ ಒಟ್ಟಿದ್ದು ನಾನು ನೋಡಿದೀನಿ. ಕೋಳಿ ಕೆದರಿದ ಹಾಗಿತ್ತು. ಮಗಳನ್ನೂ ಹಾಗೇ ಬೆಳೆಸಿದ್ರು, ತಲೆ ಬಾಚೋಕೆ ಪುರುಸೊತ್ತಿಲ್ಲ."

ಅತ್ತೆ ಒಳಗಿನಿಂದ ನಕ್ಕದ್ದು ಕೇಳಿಸಿತು. ನಾನು ಮತ್ತೆ ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಬೇಕಿತ್ತು ಅಂತ ಈಗ ಯಾರಾದರೂ ಹೇಳಬಹುದು. ಸಂಜೆ ಕೈ ತೊಳೆದು ಬರುವಾಗ ಅವರು ಶಿಳ್ಳೆ ಹಾಕುತ್ತಿದ್ದರು. ಚಳಿಗಾಲವೆಲ್ಲ ಹಸಿ ಸೌದೆಯ ಹೊಗೆ ಕುಡಿದರೂ ಪರವಾಗಿಲ್ಲ, ಈ ಮನುಷ್ಯ ಶಿಳ್ಳೆ ಹಾಕಿಕೊಂಡಿರಲಿ ಅಂದುಕೊಂಡೆ.

ಗೋಡೆ ಎದ್ದು ನಿಂತಿತು, ಆಳೆತ್ತರ. ನಿಜ ಹೇಳಬೇಕೆಂದರೆ ಚೆನ್ನಾಗಿತ್ತು. ಸೌದೆಗೆ ಇಷ್ಟೊಂದು ಚೆಂದ ಯಾತಕ್ಕೆ ಅಂತ ಸೌದೆಗೇ ನಾಚಿಕೆಯಾಗುವಷ್ಟು ಚೆನ್ನಾಗಿತ್ತು. ಎದುರು ಮನೆಯ ದರ್ಜಿ ಕೊರಳಿಗೆ ಟೇಪು ನೇತುಹಾಕಿಕೊಂಡೇ ಬಂದು, ಗೋಡೆಯ ಉದ್ದಕ್ಕೂ ಕೈ ಸವರಿದರು. "ಮೇಸ್ತ್ರಿಗಳೇ, ಹೊಲಿಗೆ ಎಲ್ಲಿ ಹಾಕಿದೀರ ಗೊತ್ತೇ ಆಗ್ತಿಲ್ಲ" ಅಂದರು. ಆಮೇಲೆ ಬಟ್ಟೆ ಕೊಡಲು ಬಂದ ಗಿರಾಕಿಗಳನ್ನೂ ಕರೆತಂದು ತೋರಿಸಿದರು. ನೋಡಿದವರು ಮೆಲ್ಲಗೆ ಮಾತಾಡುತ್ತಿದ್ದರು. ನನ್ನ ಕೈಗೆ ಒಂದು ಗಂಟೆ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದ್ದರೆ ದೇವರ ದರ್ಶನಕ್ಕೆ ಬಿಟ್ಟ ಹಾಗೆ ಸಾಲಿನಲ್ಲಿ ಬಿಡುತ್ತಿದ್ದೆ.

ಅತ್ತೆ ಒಬ್ಬರೇ ಲೋಕದ ಪ್ರಶ್ನೆ ಕೇಳಿದರು. "ಇದರಲ್ಲಿ ಮೊದಲು ಯಾವುದನ್ನು ತೆಗೆದು ಸುಡೋದು?"

"ಯಾವುದನ್ನೂ ಇಲ್ಲ. ಚಳಿಯಾದ್ರೆ ನೋಡ್ಕೊಂಡು ಬೆಚ್ಚಗಾಗಿ" ಅಂದೆ ನಾನು.

ಬೇಸಿಗೆ ಮುಗಿಯುತ್ತಾ ಬಂದಾಗ ದರ್ಜಿ ಒಂದು ಮಾತು ತಂದರು. ಅಂಗಡಿಯ ಹಿಂಭಾಗಕ್ಕೆ ಅಡ್ಡಗೋಡೆ ಕಟ್ಟಿಸಬೇಕು, ಬಟ್ಟೆ ಹಾಕಿ ನೋಡುವವರಿಗೆ ಒಂದು ಕೋಣೆ. "ನೀವೇ ಕಟ್ಟಿಕೊಡಬೇಕು. ಬೇರೆ ಯಾರೂ ಬೇಡ." ಮೇಸ್ತ್ರಿ ಯೋಚನೆ ಮಾಡುವವರ ಹಾಗೆ ಮೀಸೆ ಸವರಿ ಒಪ್ಪಿಕೊಂಡರು. ಆ ಸಂಜೆ ಕರಣೆಗೆ ಅಂಟಿದ್ದ ಗೋದಾಮಿನ ಗಾರೆಯನ್ನು ಕೆರೆದು ಕೆರೆದು ತೆಗೆದರು. ನಾನು ಅಡುಗೆ ಮಾಡುತ್ತಾ ಆ ಕರಕರ ಸದ್ದನ್ನು ಸಂಗೀತ ಕೇಳಿದ ಹಾಗೆ ಕೇಳಿದೆ.

ಇನ್ನೇನು ಕೆಲಸ ಶುರುವಾಗಬೇಕು ಅನ್ನುವಾಗ ಒಂದು ಬೆಳಿಗ್ಗೆ ಅವರು ಅಂಗಳದಿಂದ ಒಳಗೆ ಬಂದು ಕಿಟಕಿಯ ಹತ್ತಿರ ಕೂತರು. ನಾನು ಹೊರಗೆ ಹೋಗಿ ನೋಡಿದೆ. ತೂಗುಗುಂಡು ಸೌದೆಯ ನೆತ್ತಿಯಿಂದ ಇಳಿಬಿಟ್ಟಿತ್ತು. ಮೇಲೆ ಗೋಡೆಗೆ ತಾಗಿದ್ದ ದಾರ ಕೆಳಗೆ ಬರುವಷ್ಟರಲ್ಲಿ ಬುಡದಿಂದ ಒಂದು ಗೇಣು ದೂರದಲ್ಲಿ ನಿಂತಿತ್ತು. ಗೋಡೆ ಬಿಸಿಲಿನ ಕಡೆಗೆ ವಾಲಿತ್ತು.

ವಾಲದೆ ಇನ್ನೇನು ಮಾಡುತ್ತದೆ? ಹಸಿ ಸೌದೆ. ಬಿಸಿಲು ಬೀಳುವ ಕಡೆಯ ತುದಿ ಒಣಗಿ ಕುಗ್ಗಿತ್ತು, ನೆರಳಿನ ಕಡೆ ಹಾಗೇ ಉಬ್ಬಿಕೊಂಡಿತ್ತು. ಸಡಿಲವಾಗಿ ಒಟ್ಟಿದ್ದರೆ ಒಳಗೆಲ್ಲ ಗಾಳಿಯಾಡಿ ಎರಡೂ ಕಡೆ ಹೆಚ್ಚುಕಮ್ಮಿ ಒಟ್ಟಿಗೆ ಒಣಗುತ್ತಿತ್ತು. ನಮ್ಮಪ್ಪನ ಡಿಪೋದಲ್ಲಿ ಅಲ್ಪಸ್ವಲ್ಪ ವಾಲದೆ ಇದ್ದ ಒಟ್ಟಿಲನ್ನು ನಾನು ನೋಡಿಯೇ ಇಲ್ಲ. ಆದರೆ ಮೇಸ್ತ್ರಿಗೆ ಗೊತ್ತಿದ್ದದ್ದು ಇಟ್ಟಿಗೆ. ಇಟ್ಟಿಗೆ ಕುಗ್ಗುವುದಿಲ್ಲ. ಗೋಡೆ ವಾಲಿತು ಅಂದರೆ ಕಟ್ಟಿದವನು ವಾಲಿದ್ದಾನೆ ಅಂತಲೇ ಲೆಕ್ಕ.

ನಾನು ಒಳಗೆ ಬಂದೆ. ಅವರ ಕುಸಿದ ಹೆಗಲು ನೋಡಿ ನನ್ನ ಬಾಯಿಗೆ ಬಂದ ಕೊಂಕು ಅಲ್ಲೇ ನಿಂತುಹೋಯಿತು. ನೆಲದ ಮೇಲೆ ಅವರ ಪಕ್ಕ ಕೂತು, ಜನ್ಮದಲ್ಲಿ ಒಂದು ಸಲ ಮೆತ್ತಗೆ ಮಾತಾಡಿದೆ. "ನೋಡಿ, ಇದು ನಿಮ್ಮ ತಪ್ಪಲ್ಲ. ಸೌದೆ ಒಣಗಿದ್ರೆ ಕುಗ್ಗತ್ತೆ, ಅದಕ್ಕೇ ವಾಲಿದೆ. ನಿಮ್ಮ ಕೈ ಚೆನ್ನಾಗೇ ಇದೆ. ಮನಸ್ಸಿಗೆ ಹಚ್ಕೋಬೇಡಿ."

ಅವರು ನನ್ನನ್ನೇ ನೋಡಿದರು. ಮುಖ ಬಿಳಿಚಿಕೊಂಡಿತ್ತು.

"ನೀನೂ ಹೀಗೆ ಮಾತಾಡೋ ಹಾಗಾಯ್ತಾ" ಅಂದರು. "ಅಷ್ಟು ಕೆಟ್ಟಿದೆಯಾ ನನ್ನ ಸ್ಥಿತಿ."

"ಇಲ್ಲ ರೀ, ನಿಜವಾಗ್ಲೂ ಸೌದೆದೇ ತಪ್ಪು."

"ಕುಣಿಯೋಕೆ ಬಾರದವನು ನೆಲ ಡೊಂಕು ಅಂದನಂತೆ. ಅದನ್ನ ನನ್ನ ಬಾಯಲ್ಲಿ ಹೇಳಿಸ್ಬೇಡ. ಬಿಡು."

ಒಲೆಯ ಪಕ್ಕದಿಂದ ಅತ್ತೆ ನನ್ನನ್ನು ಕೈಸನ್ನೆ ಮಾಡಿ ಕರೆದರು. "ಡಾಕ್ಟರು ಏನಾದ್ರೂ ಹೇಳಿದಾರೇನೇ? ನನಗೆ ಮುಚ್ಚಿಡ್ಬೇಡ. ನೀನು ಯಾಕೆ ಅವನ ಹತ್ರ ಹಾಗೆ ಮೆತ್ತಗೆ ಮಾತಾಡ್ತಿದೀಯ?" ಅವರ ಕಣ್ಣಲ್ಲಿ ನೀರಿತ್ತು. ನನ್ನ ಒಂದು ಒಳ್ಳೆಯ ಮಾತಿಗೆ ಮನೆಯಲ್ಲಿ ಇಬ್ಬರು ಸಾಯುವವರ ಹಾಗಾದರು. ಈ ಸೌಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ಕರಣೆ ಮತ್ತೆ ಚೀಲ ಸೇರಿತು, ಚೀಲ ಮಂಚದ ಕೆಳಗೆ. ತಮಗೆ ಮೈ ಸರಿಯಿಲ್ಲ ಅಂತ ದರ್ಜಿಗೆ ಹೇಳಿ ಕಳಿಸಿದರು. ದರ್ಜಿ ಗೋಡೆಯನ್ನೊಮ್ಮೆ ನೋಡಿ ಅರ್ಥ ಮಾಡಿಕೊಂಡರು. ಪಾಪ, ಒಳ್ಳೆಯವರು. "ಹಾಗಾದ್ರೆ ಬೇರೆ ಯಾರನ್ನಾದ್ರೂ ನೋಡ್ತೀನಿ, ಅವರು ಬೇಜಾರು ಮಾಡ್ಕೋಬಾರ್ದು" ಅಂತ ನನಗೆ ಹೇಳಿ ಹೋದರು. ನಾನು ಊಟಕ್ಕೆ ಬೇಕೆಂದೇ ಉಪ್ಪು ಹಾಕಲಿಲ್ಲ. ಮೇಸ್ತ್ರಿ ಮಾತಿಲ್ಲದೆ ಉಂಡು ಎದ್ದರು.

ಗೋಡೆ ಬಿದ್ದದ್ದು ಒಂದು ಮಧ್ಯಾಹ್ನ. ನಮ್ಮ ಮೈದುನ ಲಾರಿಯಿಂದ ದಿಮ್ಮಿ ಉರುಳಿಸಿದಾಗಲೂ ಅಂಥ ಸದ್ದಾಗಿರಲಿಲ್ಲ. ಯಾರಿಗೂ ಪೆಟ್ಟಾಗಲಿಲ್ಲ, ಗೇಟಿನವರೆಗೆ ಸೌದೆ ಚೆಲ್ಲಿಕೊಂಡಿತು. ಬೀದಿಯವರೆಲ್ಲ ಬಂದರು. ಬೆಂಕಿ ಬಿದ್ದರೆ ನೀರು ತರಲು ಇಷ್ಟು ಜನ ಬರುತ್ತಿರಲಿಲ್ಲ. ಮೇಸ್ತ್ರಿ ಬಾಗಿಲಿಗೆ ಬಂದು, ಕೈ ಎಲ್ಲಿ ಇಡಬೇಕು ಅಂತ ತಿಳಿಯದವರ ಹಾಗೆ ನಿಂತರು. ಯಾರೂ ನಗಲಿಲ್ಲ. ಅದೇ ನನಗೆ ಸಂಕಟ. ನಕ್ಕಿದ್ದರೆ ಬೈಯಬಹುದಿತ್ತು.

ದರ್ಜಿ ಹತ್ತಿರ ಬಂದು ಅವರ ಭುಜದ ಮೇಲೆ ಕೈ ಇಟ್ಟರು. "ಬಿಡಿ ಮೇಸ್ತ್ರಿಗಳೇ, ವಯಸ್ಸು ಯಾರನ್ನ ಬಿಡತ್ತೆ. ಇಷ್ಟು ವರ್ಷ ಬೇಕಾದಷ್ಟು ಕಟ್ಟಿದೀರಿ, ಇನ್ನು ಆರಾಮಾಗಿರಿ." ಸುತ್ತಲಿದ್ದವರು ಹೌದು ಹೌದು ಅಂದರು. ಮೇಸ್ತ್ರಿ ತಲೆಯಾಡಿಸಿದರು.

ಅವರು ತಲೆಯಾಡಿಸಿದ್ದು ನೋಡಿ ನನ್ನ ಪಿತ್ತ ನೆತ್ತಿಗೇರಿತು. ಕಾಲ ಬುಡದಲ್ಲಿ ಬಿದ್ದಿದ್ದ ಒಂದು ಸೀಳು ಎತ್ತಿಕೊಂಡು ಅವರ ಎದೆಗೆ ಒತ್ತಿದೆ.

"ಏನು ವಯಸ್ಸು? ಯಾರಿಗೆ ವಯಸ್ಸು? ಈ ಮನುಷ್ಯನಿಗೆ ಕಣ್ಣು ಹೋಗಿಲ್ಲ, ಬುದ್ಧಿ ಹೋಗಿದೆ, ಅದೂ ಮದುವೆಗೆ ಮುಂಚೇನೇ ಹೋಗಿತ್ತು. ಇದೇನು ಇಟ್ಟಿಗೆ ಅಂದ್ಕೊಂಡ್ರಾ? ಭಟ್ಟಿಯಲ್ಲಿ ಬೆಂದು ಬಂದಿದೆಯಾ ಇದು? ಹಸಿ ಮರ ರೀ. ಮುಟ್ಟಿ ನೋಡಿ. ಈ ತುದಿ ಒಣಗಿ ಬಿರುಕು ಬಿಟ್ಟಿದೆ, ಆ ತುದಿ ಬೂಷ್ಟು ಹಿಡಿದು ತೊಟ್ಟಿಕ್ಕುತ್ತಿದೆ. ಒಂದು ಕಾಲು ಗಿಡ್ಡ ಆದ್ರೆ ಮನುಷ್ಯನೇ ವಾಲ್ತಾನೆ, ಸೌದೆ ವಾಲಲ್ವಾ? ಸಂದು ಬಿಡಿ ಅಂತ ಬಾಯಿ ಬಡ್ಕೊಂಡೆ. ಎಮ್ಮೆ ಮೇಲೆ ಮಳೆ ಸುರಿದ ಹಾಗಾಯ್ತು. ಸಂದಿ ಸಂದಿಗೂ ಚಕ್ಕೆ ತುರುಕಿದ್ರಿ, ದೊಡ್ಡ ಮೇಸ್ತ್ರಿ. ಕೋಳಿ ಕೆದರಿದ ಹಾಗೆ ಒಟ್ಟಿದ ನಮ್ಮಪ್ಪನ ಕಾಲಿನ ಧೂಳಿಗೂ ಸಮ ಇಲ್ಲ ನೀವು, ಸೌದೆ ವಿಷಯದಲ್ಲಿ. ಎದ್ದು ನಿಂತ ಗೋಡೆ ಮೊದಲನೇ ದಿನ ದಾರಕ್ಕೆ ಸರಿಯಾಗಿತ್ತೋ ಇಲ್ವೋ? ಬಾಯಿ ಬಿಡಿ, ಇತ್ತೋ ಇಲ್ವೋ?"

"ಇತ್ತು" ಅಂದರು ಮೇಸ್ತ್ರಿ.

"ಮತ್ತೆ? ಕಣ್ಣು ಅವತ್ತು ಇದ್ದು ಇವತ್ತು ಹೋಯ್ತಾ? ದಡ್ಡತನಕ್ಕೆ ವಯಸ್ಸು ಅಂತ ಹೆಸರಿಟ್ಕೊಂಡು ಮಂಚದ ಕೆಳಗೆ ನುಗ್ಗೋಕೆ ನಾಚಿಕೆ ಆಗಲ್ವಾ?"

ಬೀದಿಯವರು ಒಬ್ಬೊಬ್ಬರಾಗಿ ಕರಗಿದರು. ದರ್ಜಿ ತಮ್ಮ ಕೈಯನ್ನು ಅವರ ಭುಜದಿಂದ ಯಾವಾಗ ತೆಗೆದರೋ ಗೊತ್ತಿಲ್ಲ. ಮೇಸ್ತ್ರಿ ಮಾತ್ರ ಆ ಸೀಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಒಣಗಿದ ತುದಿಯನ್ನು ಉಗುರಿನಿಂದ ಕೆರೆದರು, ಹಸಿ ತುದಿಯನ್ನು ಮೂಸಿದರು. ಬಾಗಿ ಇನ್ನೊಂದು ಎತ್ತಿ, ಅದನ್ನೂ ಹಾಗೇ ಮಾಡಿದರು. ಆಮೇಲೆ ಮತ್ತೊಂದು.

ನಾನು ಅವರನ್ನು ಅಲ್ಲೇ ಬಿಟ್ಟು, ಸೆರಗು ಸಿಕ್ಕಿಸಿಕೊಂಡು ಒಟ್ಟಲು ಶುರು ಮಾಡಿದೆ. ಒಂದು ಅಡ್ಡ, ಒಂದು ಉದ್ದ, ನಡುವೆ ಸಂದು, ತೊಗಟೆ ಮೇಲೆ. ಮೊಣಕಾಲೆತ್ತರ ಬಂದಾಗ ಅವರು ಬೆನ್ನ ಹಿಂದೆ ಬಂದು ನಿಂತರು.

"ಇದೇನೇ ಇದು?" ಅಂದರು. "ಕುಡುಕರೆಲ್ಲ ಹೆಗಲ ಮೇಲೆ ಕೈ ಹಾಕ್ಕೊಂಡು ಮನೆಗೆ ಹೊರಟ ಹಾಗಿದೆ. ನಿಮ್ಮಪ್ಪ ಇದನ್ನ ಇಟ್ಕೊಂಡು ವ್ಯಾಪಾರ ಮಾಡ್ತಿದ್ರಾ? ಅಥವಾ ಜನ ಪಾಪ ಅಂತ ಕೊಂಡ್ಕೊಳ್ತಿದ್ರಾ? ಸರಿ ಅತ್ಲಾಗೆ."

ನನ್ನ ಬದುಕಿನಲ್ಲಿ ಯಾರೂ ನನಗೆ ಅಷ್ಟು ಸೊಗಸಾಗಿ ಬೈದಿಲ್ಲ. ನಾನು ಸರಿದು ಜಾಗ ಕೊಟ್ಟೆ. ಅವರು ತುಂಡು ಎತ್ತಿ ಕೊಟ್ಟರು, ನಾನು ಇಟ್ಟೆ. ನಾನು ಇಟ್ಟದ್ದನ್ನು ಅವರು ಒಂದು ಕೂದಲೆಳೆಯಷ್ಟು ಸರಿಸಿದರು, ನಾನು ವಾಪಸು ಸರಿಸಿದೆ. ಒಳಗಿನಿಂದ ಅತ್ತೆ, "ಜಗಳ ಆಡ್ತಿದಾರಾ? ಆಡ್ಲಿ, ಆಡ್ಲಿ" ಅಂತ ತಮಗೆ ತಾವೇ ಹೇಳಿಕೊಂಡರು.

ಹೊತ್ತು ಇಳಿಯುತ್ತಾ ಬಂದಾಗ ಅವರು ಒಂದು ತುಂಡು ಕೊಡಲು ಕೈ ಚಾಚಿ, ಬಿಡದೆ ಹಾಗೇ ಹಿಡಿದುಕೊಂಡರು. ನನ್ನ ಮುಖ ನೋಡಲಿಲ್ಲ.

"ಗೋದಾಮಿಂದು ಇಟ್ಟಿಗೆ" ಅಂದರು. "ಅದು ಕುಗ್ಗಲ್ಲ."

ಸೌದೆಯ ಬಗ್ಗೆ ನನಗೆ ಎಲ್ಲ ಗೊತ್ತು, ಇಟ್ಟಿಗೆಯ ಬಗ್ಗೆ ಏನೂ ಗೊತ್ತಿಲ್ಲ. ನೆಲ ಸರಿಯಿರಲಿಲ್ಲ ಅನ್ನಬಹುದಿತ್ತು, ಸಿಮೆಂಟು ಕಲಬೆರಕೆ ಅನ್ನಬಹುದಿತ್ತು. ಮೆತ್ತಗಿನ ಮಾತಿನ ಗತಿ ಏನಾಯಿತು ಅಂತ ನೋಡಿಯಾಗಿತ್ತು.

"ಅದು ನಿಮ್ಮದೇ ತಪ್ಪು" ಅಂದೆ. "ಅಲ್ಲಿ ನೀವು ಕೆಟ್ಟದಾಗಿ ಕಟ್ಟಿದ್ರಿ. ಇಷ್ಟು ವರ್ಷ ಊರ ತುಂಬ ನೆಟ್ಟಗೆ ಕಟ್ಟಿ ಒಂದು ಸೊಟ್ಟ ಕಟ್ಟಿದ್ರಿ. ನಾನು ದಿನಾ ಪಾತ್ರೆ ತಳ ಹಿಡಿಸ್ತೀನಿ. ಸೌಟು ಮಂಚದ ಕೆಳಗೆ ಹಾಕಿ ಕೂತ್ನಾ?"

ಅವರು ಆ ತುಂಡಿನ ತೊಗಟೆಯನ್ನು ಉಗುರಿನಿಂದ ಎಬ್ಬಿಸಿದರು.

"ಹಾಕಿದ್ರೆ ನಾವು ಬದುಕ್ಕೊಳ್ತಿದ್ವಿ" ಅಂದರು. ತುಂಡು ನನ್ನ ಕೈಗೆ ಬಿಟ್ಟರು. ಇನ್ನೊಂದು ಎತ್ತಲು ಬಾಗಿದವರು ಬಾಗಿದ ಹಾಗೇ ಹೇಳಿದರು, "ನಾಳೆ ದರ್ಜಿ ಬೇರೆ ಯಾರನ್ನಾದ್ರೂ ಕರೆಯೋದಕ್ಕೆ ಮುಂಚೆ ಹೋಗ್ಬೇಕು. ಬೇಗ ಎಬ್ಬಿಸು."

"ನಾನೇನು ನಿಮ್ಮ ಗಡಿಯಾರವಾ?" ಅಂದೆ.

ಆ ರಾತ್ರಿ ನಾನು ಕಣ್ಣು ಮುಚ್ಚಲಿಲ್ಲ, ಎಲ್ಲಾದರೂ ಎಬ್ಬಿಸುವುದನ್ನು ಮರೆತುಬಿಟ್ಟರೆ ಅಂತ.